ಯಾರು ಹೇಳಿದ ಕಥೆ?

ಅಮೆರಿಕದ ಮಿಸೌರಿ ರಾಜ್ಯದಲ್ಲಿ, ಮಿಸಿಸಿಪ್ಪಿ ನದಿಯ ದಂಡೆಯ ಮೇಲೆ, ಸೇಂಟ್ ಲೂಯಿಸ್ ಎಂಬ ನಗರವಿದೆ. 1972ನೆಯ ಇಸವಿ ಮಾರ್ಚ್ 16ರಂದು ಆ ನಗರದಲ್ಲಿ ಒಂದು ವಿಚಿತ್ರವಾದ ಕಾರ್ಯ ನಡೆಯಿತು. ಬಡವರ ವಾಸಕ್ಕೆಂದು ಸರ್ಕಾರದ ಹಣದಿಂದ ಕಟ್ಟಿಸಿದ್ದ 11 ಅಂತಸ್ತುಗಳ ಕಟ್ಟಡವೊಂದನ್ನು, ಅದಕ್ಕೆ 20 ವರ್ಷ ತುಂಬುವ ಮೊದಲೇ, ಅಧಿಕಾರಿಗಳು ಸಿಡಿಮದ್ದಿಟ್ಟು ಉರುಳಿಸಿದರು. ಕ್ಷಣಮಾತ್ರದಲ್ಲಿ ಗೋಡೆಗಳು ಕುಸಿದವು, ಧೂಳು ಮುಗಿಲಿಗೇರಿತು. ಅದೇ ಬಡಾವಣೆಯಲ್ಲಿ ಅದೇ ಅಚ್ಚಿನ 33 ಕಟ್ಟಡಗಳಿದ್ದವು. 1976ರ ಹೊತ್ತಿಗೆ ಅವುಗಳಲ್ಲಿ ಒಂದೂ ಉಳಿಯಲಿಲ್ಲ.

ಕಟ್ಟಡಗಳನ್ನು ಕೆಡವುವುದು ಲೋಕದಲ್ಲಿ ಹೊಸ ಸಂಗತಿಯೇನಲ್ಲ. ಆದರೆ ಈ ಕಟ್ಟಡಗಳ ಪತನವು ಸಾಹಿತ್ಯ ಮತ್ತು ತತ್ತ್ವಶಾಸ್ತ್ರಗಳ ಚರ್ಚೆಯೊಳಕ್ಕೂ ಪ್ರವೇಶಿಸಿತು. 1977ರಲ್ಲಿ ಚಾರ್ಲ್ಸ್ ಜೆಂಕ್ಸ್ ಎಂಬ ವಿಮರ್ಶಕರು ಆಧುನಿಕೋತ್ತರ ವಾಸ್ತುಶಿಲ್ಪವನ್ನು ಕುರಿತು ಗ್ರಂಥವೊಂದನ್ನು ಪ್ರಕಟಿಸಿದರು. ಆಧುನಿಕ ವಾಸ್ತುಶಿಲ್ಪವು ಮರಣ ಹೊಂದಿದ್ದು ಇದೇ ಊರಿನಲ್ಲಿ, 1972ರ ಜುಲೈ 15ರ ಮಧ್ಯಾಹ್ನ 3 ಗಂಟೆ 32 ನಿಮಿಷಕ್ಕೆ ಎಂದು ಅವರು ಅದರಲ್ಲಿ ಸಾರಿದರು. ಒಂದು ಯುಗಕ್ಕೆ ಮರಣದ ಗಳಿಗೆಯನ್ನೇ ಗೊತ್ತುಮಾಡಿದ ಈ ಮಾತು ಬಹು ಬೇಗ ಪ್ರಸಿದ್ಧಿಗೆ ಬಂದಿತು. ಆಧುನಿಕೋತ್ತರ ಚಿಂತನೆ ಎಂದರೇನೆಂಬುದನ್ನು ಅರಿಯಲು ನಾವೂ ಈ ಕಟ್ಟಡಗಳ ಬಾಗಿಲಿನಿಂದಲೇ ಹೊರಡೋಣ. ಆ ತಾರೀಖನ್ನು ಮಾತ್ರ ಓದುಗರು ನೆನಪಿನಲ್ಲಿಟ್ಟಿರಬೇಕು. ಅದರ ವಿಚಾರ ಮುಂದೆ ಮತ್ತೊಮ್ಮೆ ಬರಲಿದೆ.

ಆ ಬಡಾವಣೆಯ ಹೆಸರು ಪ್ರೂಯಿಟ್–ಐಗೋ. ಪ್ರೂಯಿಟ್ ಎಂಬುವರು ಎರಡನೆಯ ಮಹಾಯುದ್ಧದಲ್ಲಿ ಹೆಸರು ಗಳಿಸಿದ್ದ, ಆ ಊರಿನವರೇ ಆದ ಕಪ್ಪುಜನರ ವಿಮಾನಚಾಲಕರು. ಐಗೋ ಎಂಬುವರು ಬಿಳಿಯ ಜನಾಂಗದ ಶಾಸನಸಭಾ ಸದಸ್ಯರಾಗಿದ್ದವರು. ಒಂದು ಭಾಗ ಕಪ್ಪುಜನರಿಗೆ, ಇನ್ನೊಂದು ಭಾಗ ಬಿಳಿಯರಿಗೆ ಎಂಬ ಮೊದಲ ಸಂಕಲ್ಪವನ್ನು ಈ ಜೋಡಿ ಹೆಸರೇ ಸಾರುತ್ತದೆ. ನ್ಯಾಯಾಲಯವು ಈ ಬೇರ್ಪಡಿಕೆ ಸಲ್ಲದೆಂದಿತು. ಬಿಳಿಯರು ಬಾರದೆ ಹೋದರು. ಬಡಾವಣೆಯು ಬಹುಮಟ್ಟಿಗೆ ಕಪ್ಪುಜನರದೇ ಆಯಿತು. ಶಿಲ್ಪಿ ಮಿನೋರು ಯಮಾಸಾಕಿ. ಮುಂದೆ ನ್ಯೂಯಾರ್ಕಿನ ವಿಶ್ವವ್ಯಾಪಾರ ಕೇಂದ್ರದ ಅವಳಿ ಗೋಪುರಗಳನ್ನು ರೂಪಿಸಿದವರೂ ಇವರೇ. 57 ಎಕರೆ ನೆಲ, 33 ಕಟ್ಟಡಗಳು, 2,870 ಮನೆಗಳು. 1950ರ ದಶಕದ ಮಧ್ಯದಲ್ಲಿ ಕಾಮಗಾರಿ ಪೂರ್ಣಗೊಂಡಿತು. ಮೇಲೇರುವ ಲಿಫ್ಟು ಪ್ರತಿ ಅಂತಸ್ತಿನಲ್ಲಿಯೂ ನಿಲ್ಲುತ್ತಿರಲಿಲ್ಲ. 1, 4, 7, 10ನೆಯ ಅಂತಸ್ತುಗಳಲ್ಲಿ ಮಾತ್ರ ನಿಲ್ಲುತ್ತಿತ್ತು. ಅಲ್ಲಿ ಇಳಿದವರು ವಿಶಾಲವಾದ ಪಡಸಾಲೆಯನ್ನು ಹಾದು, ಮೆಟ್ಟಿಲೇರಿ ಅಥವಾ ಇಳಿದು ತಮ್ಮ ಮನೆಯನ್ನು ಸೇರಬೇಕು. ಆ ಪಡಸಾಲೆಗಳಲ್ಲಿ ಮಕ್ಕಳು ಆಡುವರು, ಬಟ್ಟೆ ಒಗೆಯಲು ಬಂದ ಹೆಂಗಸರು ಮಾತನಾಡುವರು, ನೆರೆಹೊರೆ ಬೆಳೆಯುವುದು ಎಂಬುದು ಯೋಜಕರ ಎಣಿಕೆಯಾಗಿತ್ತು.

ಕಾಗದದ ಮೇಲೆ ಇದೆಲ್ಲವೂ ಚೆನ್ನಾಗಿಯೇ ಇತ್ತು. 1951ರಲ್ಲಿ ವಾಸ್ತುಶಿಲ್ಪದ ಪತ್ರಿಕೆಯೊಂದು ಈ ಯೋಜನೆಯನ್ನು ಮೆಚ್ಚಿ ಬರೆದಿತ್ತು. ಆದರೆ ಹತ್ತು ವರ್ಷ ಕಳೆಯುವಷ್ಟರಲ್ಲಿ ಲಿಫ್ಟುಗಳು ಕೆಟ್ಟು ನಿಂತವು, ಕಿಟಕಿಯ ಗಾಜುಗಳು ಒಡೆದವು, ಪಡಸಾಲೆಗಳು ಕಳ್ಳಕಾಕರ ತಾಣವಾದವು. ಜನ ಬಿಟ್ಟು ಹೋಗತೊಡಗಿದರು. ಜೆಂಕ್ಸ್ ಅವರ ವ್ಯಾಖ್ಯಾನ ಸರಳವಾಗಿತ್ತು: ಶಿಲ್ಪಿಯೊಬ್ಬನು ತನ್ನ ತರ್ಕವೊಂದನ್ನೇ ನಂಬಿ, ಅಲ್ಲಿ ಬಾಳುವವರ ಬದುಕಿನ ಬಗೆಯನ್ನು ಕೇಳದೆ ಮನೆ ಕಟ್ಟಿದರೆ ಹೀಗೆಯೇ ಆಗುವುದು.

ಈ ವ್ಯಾಖ್ಯಾನದ ಹಿಂದೆ ಒಂದು ದೊಡ್ಡ ಪ್ರಶ್ನೆಯಿದೆ. ಯೂರೋಪಿನಲ್ಲಿ ಲೆ ಕಾರ್ಬೂಸಿಯೇ ಮೊದಲಾದ ಶಿಲ್ಪಿಗಳು (ನಮ್ಮ ಚಂಡೀಗಢವನ್ನು ಯೋಜಿಸಿದವರೂ ಇವರೇ) ಮನೆಯನ್ನು ಯಂತ್ರಕ್ಕೆ ಹೋಲಿಸಿ, ಸರಿಯಾದ ಯೋಜನೆಯೊಂದು ದೊರೆತರೆ ಅದು ಎಲ್ಲ ದೇಶಗಳಿಗೂ, ಎಲ್ಲ ಜನರಿಗೂ ಸಲ್ಲುವುದೆಂದು ನಂಬಿದ್ದರು. ಇದು ವಾಸ್ತುಶಿಲ್ಪದವರಿಗೆ ಮಾತ್ರ ಇದ್ದ ನಂಬಿಕೆಯಲ್ಲ. ಇನ್ನೂರು ವರ್ಷಗಳಿಂದ ಯೂರೋಪು ಬಾಳಿದ್ದೇ ಈ ನಂಬಿಕೆಯ ಮೇಲೆ. 1784ರಲ್ಲಿ ಜರ್ಮನಿಯ ದಾರ್ಶನಿಕ ಕಾಂಟ್ ಜ್ಞಾನೋದಯವೆಂದರೇನೆಂಬ ಪ್ರಶ್ನೆಗೆ ಉತ್ತರವಾಗಿ ಒಂದು ಸಣ್ಣ ಪ್ರಬಂಧವನ್ನು ಬರೆದನು. ಮನುಷ್ಯನು ಪರರ ಕೈ ಹಿಡಿದು ನಡೆಯುವುದನ್ನು ಬಿಟ್ಟು ತನ್ನ ಬುದ್ಧಿಯನ್ನು ತಾನೇ ಬಳಸುವ ಧೈರ್ಯ ಮಾಡಬೇಕೆಂಬುದು ಅದರ ಸಾರ. ಹೀಗೆ ಬುದ್ಧಿಯನ್ನು ಬಳಸುತ್ತಾ ಹೋದರೆ ಅಜ್ಞಾನವೂ ದಾರಿದ್ರ್ಯವೂ ದಾಸ್ಯವೂ ಒಂದೊಂದಾಗಿ ತೊಲಗುವುವು. ಇಂದಿಗಿಂತ ನಾಳೆ ಮೇಲಾಗುವುದು. ಆಧುನಿಕತೆ ಎಂಬುದು ಈ ಭರವಸೆಯ ಹೆಸರು.

ಆ ಭರವಸೆಯನ್ನು ಇಂದು ಹಗುರಾಗಿ ಕಾಣುವುದು ಒಂದು ಚಾಳಿಯಾಗಿದೆ. ನನಗೆ ಅದು ಒಪ್ಪಿಗೆಯಿಲ್ಲ. 1796ರಲ್ಲಿ ಜೆನ್ನರ್ ಮಾಡಿದ ಪ್ರಯೋಗವು ಬೆಳೆದು ಬೆಳೆದು 1980ರಲ್ಲಿ ಸಿಡುಬು ಭೂಮಿಯಿಂದಲೇ ಮಾಯವಾಯಿತೆಂದು ಘೋಷಿಸುವಂತಾದದ್ದು ಬುದ್ಧಿಯ ವಿಜಯವಲ್ಲದೆ ಮತ್ತೇನು? ಆದರೆ ಇಪ್ಪತ್ತನೆಯ ಶತಮಾನವು ಇದೇ ಬುದ್ಧಿಯ ಇನ್ನೊಂದು ಮುಖವನ್ನೂ ತೋರಿಸಿತು. ಆಶ್‌ವಿಟ್ಸ್‌ನಲ್ಲಿ ಲಕ್ಷಾಂತರ ಯೆಹೂದಿಗಳನ್ನು ಕೊಂದದ್ದು ಕಾಡುಜನರ ಗುಂಪಲ್ಲ. ರೈಲಿನ ವೇಳಾಪಟ್ಟಿಯನ್ನೂ ರಸಾಯನಶಾಸ್ತ್ರವನ್ನೂ ಕಚೇರಿಯ ಕಡತಗಳನ್ನೂ ಬಲ್ಲ ವಿದ್ಯಾವಂತರು. 1945ರ ಆಗಸ್ಟ್ 6ರಂದು ಹಿರೋಷಿಮಾದ ಮೇಲೆ ಬಿದ್ದ ಬಾಂಬನ್ನು ನಿರ್ಮಿಸಿದವರು ಯುಗದ ಶ್ರೇಷ್ಠ ವಿಜ್ಞಾನಿಗಳು. ಸಮಾನತೆಯ ಹೆಸರಿನಲ್ಲಿ ಆರಂಭವಾದ ಕ್ರಾಂತಿಯು ಸೋವಿಯತ್ ದೇಶದಲ್ಲಿ ಸೆರೆಶಿಬಿರಗಳನ್ನು ತೆರೆಯಿತು. ನಾಳೆ ಮೇಲಾಗುವುದೆಂಬ ಕಥೆಯನ್ನು ಇನ್ನು ಯಾವ ಮುಖದಿಂದ ಹೇಳುವುದು?

ಈ ಪ್ರಶ್ನೆಗೆ ಸಿದ್ಧಾಂತದ ರೂಪ ಕೊಟ್ಟವರು ಫ್ರಾನ್ಸಿನ ಜಾನ್ ಫ್ರಾಂಸ್ವಾ ಲಿಯೊತಾರ್ (1924–1998). ಅವರು ತಾರುಣ್ಯದಲ್ಲಿ, 1950ರ ಸುಮಾರಿಗೆ, ಆಗ ಫ್ರಾನ್ಸಿನ ಅಧೀನದಲ್ಲಿದ್ದ ಅಲ್ಜೀರಿಯಾದ ಕಾನ್‌ಸ್ಟಂಟೈನ್ ಎಂಬ ಊರಿನಲ್ಲಿ ಉಪಾಧ್ಯಾಯರಾಗಿದ್ದರು. ನಾಗರಿಕತೆಯನ್ನು ತಂದಿದ್ದೇವೆಂದು ಆಳುವವರು ಹೇಳುತ್ತಿದ್ದ ಕಥೆಗೂ ಆಳಿಸಿಕೊಂಡವರ ಬಾಳಿಗೂ ಇದ್ದ ಅಂತರವನ್ನು ಅವರು ಅಲ್ಲಿ ಕಣ್ಣಾರೆ ಕಂಡರು. ಅನಂತರ ಹತ್ತು ವರ್ಷಕ್ಕೂ ಮಿಕ್ಕು ಮಾರ್ಕ್ಸ್‌ವಾದಿ ಗುಂಪೊಂದರಲ್ಲಿ ದುಡಿದರು. ಕೊನೆಗೆ ಕ್ರಾಂತಿಯ ಕಥೆಯಲ್ಲಿಯೂ ಅವರ ನಂಬಿಕೆ ಸಡಿಲಿತು. 1979ರಲ್ಲಿ ಆಧುನಿಕೋತ್ತರ ಸ್ಥಿತಿಯನ್ನು ಕುರಿತು ಅವರು ಪ್ರಕಟಿಸಿದ ಚಿಕ್ಕ ಪುಸ್ತಕವು ಮೂಲದಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತ್ಯದ ವಿಶ್ವವಿದ್ಯಾನಿಲಯಗಳ ಮಂಡಳಿಗೆ ಒಪ್ಪಿಸಿದ ಒಂದು ವರದಿ. ಸರ್ಕಾರಿ ವರದಿಗಳು ಬೀರುವಿನಲ್ಲಿ ಧೂಳು ಹಿಡಿಯುವುದೇ ಲೋಕರೂಢಿ. ಇದೊಂದು ವರದಿ ಮಾತ್ರ ಲೋಕವನ್ನೆಲ್ಲಾ ಸುತ್ತಿತು.

ಲಿಯೊತಾರ್ ಅವರ ಮುಖ್ಯ ಮಾತು ‘ಮಹಾಕಥನ’ವನ್ನು ಕುರಿತದ್ದು. ಪ್ರತಿಯೊಂದು ಸಮಾಜವೂ ತಾನು ಮಾಡುವ ಕೆಲಸಗಳಿಗೆ ಸಮರ್ಥನೆಯಾಗಿ ಒಂದು ದೊಡ್ಡ ಕಥೆಯನ್ನು ಹೇಳಿಕೊಳ್ಳುತ್ತದೆ. ವಿಜ್ಞಾನವು ಮಾನವನನ್ನು ಬಿಡುಗಡೆ ಮಾಡುತ್ತದೆಂಬುದು ಅಂತಹದೊಂದು ಕಥೆ. ಚರಿತ್ರೆಯು ವರ್ಗರಹಿತ ಸಮಾಜದತ್ತ ಸಾಗುತ್ತಿದೆ ಎಂಬುದು ಮತ್ತೊಂದು. ಉಳಿದೆಲ್ಲ ಸಣ್ಣ ಕಥೆಗಳನ್ನೂ ತನ್ನೊಳಗೆ ನುಂಗಿಕೊಂಡು, ‘ನೀನು ಎಲ್ಲಿ ನಿಲ್ಲಬೇಕು’ ಎಂದು ಎಲ್ಲರಿಗೂ ಆಜ್ಞಾಪಿಸುವ ಈ ಬಗೆಯ ಕಥೆಯೇ ಮಹಾಕಥನ. ಅದರಲ್ಲಿ ವಿಶ್ವಾಸ ಉಳಿಯದಿರುವ ಮನಃಸ್ಥಿತಿಯನ್ನು ಅವರು ಆಧುನಿಕೋತ್ತರವೆಂದು ಕರೆದರು.

ಹೆಸರಿನ ಬಗೆಗೆ ಒಂದು ಮಾತು. ‘ಆಧುನಿಕ’ ಎಂದರೆ ಈ ಹೊತ್ತಿನದು. ಈ ಹೊತ್ತಿನದಕ್ಕೆ ಉತ್ತರವಾದುದು ಈ ಹೊತ್ತಿನಲ್ಲಿಯೇ ಬರುವುದು ಹೇಗೆ? ಶಬ್ದವನ್ನು ಮಾತ್ರ ಹಿಡಿದರೆ ಇದು ಬಗೆಹರಿಯದ ಒಗಟು. ಇಲ್ಲಿ ‘ಆಧುನಿಕ’ವೆಂಬುದು ಕಾಲವಾಚಿಯಲ್ಲ, ಮೇಲೆ ಹೇಳಿದ ಭರವಸೆಯ ಹೆಸರು ಎಂದು ತಿಳಿದರೆ ತೊಡಕು ನೀಗುತ್ತದೆ. ಕನ್ನಡ ಸಾಹಿತ್ಯ ಚರಿತ್ರೆಯಲ್ಲಿ ಬರುವ ‘ನವ್ಯೋತ್ತರ’ ಎಂಬ ಮಾತು ಬೇರೆ. ಅದು ನವ್ಯಪಂಥದ ತರುವಾಯ ಬಂದ ನಮ್ಮ ಬರಹಗಾರರನ್ನು ಸೂಚಿಸುತ್ತದೆ. ಎರಡನ್ನೂ ಒಂದಾಗಿ ಕಲಸಬಾರದು.

ಮಹಾಕಥನವನ್ನು ಶಂಕಿಸುವುದೆಂದರೆ ಕಾರ್ಯತಃ ಏನು? ಲಿಯೊತಾರ್ ಅವರಿಗಿಂತ ಮೊದಲೇ ಮಿಷೆಲ್ ಫೂಕೊ (1926–1984) ಇದನ್ನು ಮಾಡಿ ತೋರಿಸಿದ್ದರು. 1961ರಲ್ಲಿ ಅವರು ಹುಚ್ಚಿನ ಚರಿತ್ರೆಯನ್ನು ಬರೆದರು. ಹಿಂದಿನ ಕಾಲದಲ್ಲಿ ಹುಚ್ಚರನ್ನು ಸರಪಳಿಯಲ್ಲಿ ಕಟ್ಟಿಹಾಕುತ್ತಿದ್ದರು. 1790ರ ದಶಕದಲ್ಲಿ ಪಿನೆಲ್ ಎಂಬ ದಯಾಳುವಾದ ವೈದ್ಯನು ಪ್ಯಾರಿಸಿನಲ್ಲಿ ಆ ಸರಪಳಿಗಳನ್ನು ಬಿಚ್ಚಿಸಿದನು. ಅಂದಿನಿಂದ ವೈದ್ಯಶಾಸ್ತ್ರವು ಅವರಿಗೆ ಬೆಳಕು ತಂದಿತು ಎಂಬುದು ಎಲ್ಲರೂ ಒಪ್ಪಿದ್ದ ಕಥೆ. ಫೂಕೊ ಹಳೆಯ ಕಡತಗಳನ್ನು ತಿರುವಿ ನೋಡಿದರು. 1656ರಲ್ಲಿ ಫ್ರಾನ್ಸಿನ ರಾಜಾಜ್ಞೆಯಿಂದ ಪ್ಯಾರಿಸಿನಲ್ಲಿ ಸ್ಥಾಪಿತವಾದ ‘ಸಾರ್ವಜನಿಕ ಆಸ್ಪತ್ರೆ’ಯಲ್ಲಿ ಹುಚ್ಚರ ಜೊತೆಗೆ ಭಿಕ್ಷುಕರನ್ನೂ ನಿರುದ್ಯೋಗಿಗಳನ್ನೂ ಕೂಡಿಹಾಕಿದ್ದರು. ಹೆಸರಿಗೆ ಆಸ್ಪತ್ರೆ, ಕೆಲಸದಲ್ಲಿ ಸೆರೆಮನೆ. ಸರಪಳಿ ಬಿಚ್ಚಿದ ಮೇಲೆಯೂ ಹುಚ್ಚನೆನಿಸಿದವನ ಮೇಲೆ ವೈದ್ಯನ ಕಣ್ಣಿನ ಕಾವಲು ಬಿಗಿಯಾಯಿತೇ ಹೊರತು ಅವನ ಮಾತನ್ನು ಯಾರೂ ಕೇಳಲಿಲ್ಲ ಎಂಬುದು ಫೂಕೊ ಅವರ ವಾದ. ಹುಚ್ಚಿನ ಚರಿತ್ರೆಯನ್ನು ಬರೆದವರೆಲ್ಲರೂ ಬುದ್ಧಿವಂತರೇ. ಹುಚ್ಚರಲ್ಲಿ ಯಾರೂ ಬರೆಯಲಿಲ್ಲ. ಅವರು ಕೊಟ್ಟ ವಿವರಗಳಲ್ಲಿ ಕೆಲವನ್ನು ಇತಿಹಾಸಕಾರರು ಅನಂತರ ತಿದ್ದಿದ್ದಾರೆ. ಆದರೆ ಅವರು ಎತ್ತಿದ ಪ್ರಶ್ನೆ ಉಳಿದುಕೊಂಡಿತು: ಇದು ಯಾರು ಹೇಳಿದ ಕಥೆ?

ಸಾಹಿತ್ಯದಲ್ಲಿ ಈ ಪ್ರಶ್ನೆ ಲೇಖಕನಿಗೇ ತಿರುಗಿತು. 1967ರಲ್ಲಿ ರೋಲಾಂ ಬಾರ್ತ್ ಎಂಬ ವಿಮರ್ಶಕರು ಲೇಖಕನ ಮರಣವನ್ನು ಸಾರಿದರು (ಈ ಪಂಥದವರಿಗೆ ಮರಣವಾರ್ತೆಗಳಲ್ಲಿ ಕೊಂಚ ಹೆಚ್ಚಿನ ಆಸಕ್ತಿಯೆಂದು ತೋರುತ್ತದೆ). ಕೃತಿಯ ಅರ್ಥವನ್ನು ಲೇಖಕನ ಜೀವನಚರಿತ್ರೆಯಲ್ಲಿ ಹುಡುಕಬಾರದು, ಅದು ಓದುಗನಲ್ಲಿ ಹುಟ್ಟುತ್ತದೆ ಎಂಬುದು ಅವರ ಆಶಯ. ಅದೇ ವರ್ಷ ಜಾಕ್ ಡೆರಿಡಾ ಅವರ ಮೂರು ಗ್ರಂಥಗಳು ಪ್ರಕಟವಾದವು. ಬರಹದ ಅರ್ಥ ಎಂದೂ ಒಂದೆಡೆ ಸ್ಥಿರವಾಗಿ ನಿಲ್ಲುವುದಿಲ್ಲವೆಂದು ಅವರು ಬಹು ಕ್ಲಿಷ್ಟವಾದ ಭಾಷೆಯಲ್ಲಿ ವಾದಿಸಿದರು. ಆ ಕ್ಲಿಷ್ಟತೆಯೊಳಕ್ಕೆ ನಾವು ಇಲ್ಲಿ ಇಳಿಯಬೇಕಾಗಿಲ್ಲ. ಒಂದು ಕಥೆಯೇ ಅದನ್ನು ಸೊಗಸಾಗಿ ತಿಳಿಸುತ್ತದೆ.

ಆ ಕಥೆಯನ್ನು ಬರೆದವರು ಅರ್ಜೆಂಟೀನಾದ ಬೋರ್ಹೆಸ್, ಕಾಲ 1939. ‘ಆಧುನಿಕೋತ್ತರ’ವೆಂಬ ಮಾತು ಚಲಾವಣೆಗೆ ಬರುವುದಕ್ಕೆ ಎಷ್ಟೋ ಮೊದಲು. ಪಿಯೆರ್ ಮೆನಾರ್ ಎಂಬ ಕಲ್ಪಿತ ಫ್ರೆಂಚ್ ಲೇಖಕನಿಗೆ ಒಂದು ಹುಚ್ಚು ಆಸೆ. ಸ್ಪೇನಿನ ಸರ್ವಾಂಟಿಸ್ 1605ರಲ್ಲಿ ಪ್ರಕಟಿಸಿದ ‘ಡಾನ್ ಕಿಹೋಟೆ’ಯನ್ನು ತಾನೂ ಬರೆಯಬೇಕು, ನಕಲು ಮಾಡಿಯಲ್ಲ, ಅನುಕರಿಸಿಯೂ ಅಲ್ಲ, ತನ್ನದೇ ಅನುಭವದಿಂದ ಹೊರಟು, ಮೂಲದ ಅಕ್ಷರ ಅಕ್ಷರವೂ ಕೂಡಿಬರುವಂತೆ ಹೊಸದಾಗಿಯೇ ಬರೆಯಬೇಕು. ಪಟ್ಟುಹಿಡಿದು ದುಡಿದು ಎರಡು ಅಧ್ಯಾಯಗಳನ್ನೂ ಮತ್ತೊಂದರ ತುಣುಕನ್ನೂ ಬರೆಯುತ್ತಾನೆ. ಕಥೆಯ ನಿರೂಪಕನು ಎರಡು ಪುಸ್ತಕಗಳಿಂದಲೂ ಒಂದೊಂದು ವಾಕ್ಯವನ್ನು ಎತ್ತಿ ಎದುರುಬದುರು ಇಡುತ್ತಾನೆ. ಒಂದಕ್ಷರವೂ ವ್ಯತ್ಯಾಸವಿಲ್ಲ. ಆದರೂ ಆತನು ಗಂಭೀರವಾಗಿ ತುಲನೆಗೆ ತೊಡಗುತ್ತಾನೆ! ಚರಿತ್ರೆಯು ಸತ್ಯಕ್ಕೆ ತಾಯಿ ಎಂಬ ಅರ್ಥದ ಮಾತು ಸರ್ವಾಂಟಿಸನಲ್ಲಿ ಬರಿಯ ಅಲಂಕಾರ. ಇಪ್ಪತ್ತನೆಯ ಶತಮಾನದ ಮೆನಾರನಲ್ಲಿ ಅದೇ ಮಾತು ಬೆಚ್ಚಿಬೀಳಿಸುವ ವಿಚಾರ. ಏಕೆಂದರೆ ಸತ್ಯವೆಂಬುದು ನಡೆದ ಸಂಗತಿಯಲ್ಲ, ನಡೆಯಿತೆಂದು ನಾವು ತೀರ್ಮಾನಿಸಿದ ಸಂಗತಿ ಎಂಬ ಧ್ವನಿ ಈಗ ಅದರಲ್ಲಿ ಕೇಳುತ್ತದೆ. ಓದುವಾಗ ನಗು ಬರುತ್ತದೆ. ನಕ್ಕ ಮೇಲೆ ಯೋಚನೆ ಬರುತ್ತದೆ. ಮಾತು ಒಂದೇ ಆಗಿದ್ದರೂ ಹೇಳಿದವರು ಬದಲಾದರೆ, ಕಾಲ ಬದಲಾದರೆ, ಅದರ ಅರ್ಥವೂ ಬದಲಾಗುವುದಿಲ್ಲವೇ?

ಬೋರ್ಹೆಸ್ ಈ ಕಥೆಗೆ ‘ಡಾನ್ ಕಿಹೋಟೆ’ಯನ್ನೇ ಆರಿಸಿಕೊಂಡದ್ದು ಆಕಸ್ಮಿಕವಲ್ಲ. ಈ ಕಥೆ ತನ್ನದಲ್ಲ, ಅರಬ್ಬೀ ಚರಿತ್ರಕಾರನೊಬ್ಬನದು, ಅದರ ಹಸ್ತಪ್ರತಿ ತನಗೆ ಟೊಲೇಡೋ ಪೇಟೆಯಲ್ಲಿ ಸಿಕ್ಕಿತು ಎಂದು ಸರ್ವಾಂಟಿಸನು ತನ್ನ ಕಾದಂಬರಿಯೊಳಗೇ ಹೇಳುತ್ತಾನೆ. 1615ರ ಎರಡನೆಯ ಭಾಗದಲ್ಲಿ ಬರುವ ಪಾತ್ರಗಳು ಮೊದಲನೆಯ ಭಾಗವನ್ನು ಓದಿಕೊಂಡೇ ಬಂದಿರುತ್ತಾರೆ! ಆಧುನಿಕೋತ್ತರ ಲೇಖಕರ ಹೊಸ ತಂತ್ರವೆಂದು ವಿಮರ್ಶಕರು ಬೆರಗಾಗುವ ಎಷ್ಟೋ ಸಂಗತಿಗಳು ಆಧುನಿಕ ಕಾಲದ ಬಾಗಿಲಿನಲ್ಲಿಯೇ ಇದ್ದವು.

ಈ ದಾರಿಯಲ್ಲಿ ಬಂದ ಕೃತಿಗಳು ಅನೇಕ. ಇಟಲಿಯ ಕಾಲ್ವಿನೊ 1979ರಲ್ಲಿ ಪ್ರಕಟಿಸಿದ ಕಾದಂಬರಿಯಲ್ಲಿ, ಒಂದು ಕಾದಂಬರಿಯನ್ನು ಕೊಂಡು ಓದತೊಡಗಿದ ಓದುಗನೇ ನಾಯಕ. ಅವನಿಗೆ ಸಿಕ್ಕುವ ಪುಸ್ತಕಗಳೆಲ್ಲವೂ ಒಂದೊಂದು ಕಾರಣದಿಂದ ಆರಂಭದಲ್ಲಿಯೇ ನಿಂತುಹೋಗುತ್ತವೆ. ನಮ್ಮ ದೇಶಕ್ಕೆ ಹತ್ತಿರವಾದುದೆಂದರೆ ಸಲ್ಮಾನ್ ರಷ್ದಿ ಅವರ 1981ರ ‘ಮಿಡ್‌ನೈಟ್ಸ್ ಚಿಲ್ಡ್ರನ್’. ಸ್ವಾತಂತ್ರ್ಯ ಬಂದ ನಡುರಾತ್ರಿಯಲ್ಲಿ ಹುಟ್ಟಿದ ಅದರ ನಿರೂಪಕನು ಗಾಂಧೀಜಿಯವರ ಹತ್ಯೆಯ ಕಾಲವನ್ನು ತಪ್ಪಾಗಿ ಹೇಳಿಬಿಡುತ್ತಾನೆ. ಆ ಹತ್ಯೆ ನಡೆದದ್ದು 1948ರ ಜನವರಿ 30ರಂದು ಎಂಬುದು ಶಾಲೆಯ ಮಕ್ಕಳಿಗೂ ಗೊತ್ತು. ಮುಂದೆ ನಿರೂಪಕನಿಗೇ ತನ್ನ ತಪ್ಪು ಕಾಣುತ್ತದೆ, ಕಂಡೂ ತಿದ್ದುವುದಿಲ್ಲ. ನೆನಪು ಹೇಗೆ ಕೆಲಸ ಮಾಡುತ್ತದೆ, ಕಥೆ ಹೇಳುವವನನ್ನು ಎಷ್ಟು ನಂಬಬೇಕು ಎಂಬ ಎಚ್ಚರವನ್ನು ಆ ತಪ್ಪೇ ಓದುಗನಲ್ಲಿ ಹುಟ್ಟಿಸುತ್ತದೆ. ತಪ್ಪನ್ನು ತೋರಿಸಿಯೇ ಉಳಿಸಿಕೊಂಡಿರುವುದು ಇಲ್ಲಿಯ ವಿಶೇಷ.

ಕಲೆ ಮತ್ತು ದಿನದ ಬದುಕಿನ ಮೇಲೆ ಈ ಚಿಂತನೆ ಬೀರಿದ ಪ್ರಭಾವವನ್ನು ಎರಡು ಮಾತಿನಲ್ಲಿ ಹೇಳಿ ಮುಗಿಸಬಹುದು. ಉತ್ತಮ ಕಲೆ, ಸಾಮಾನ್ಯ ಕಲೆ ಎಂಬ ಗೆರೆ ಅಳಿಸಿತು. ಆಂಡಿ ವಾರ್‌ಹಾಲ್ 1962ರಲ್ಲಿ ಅಂಗಡಿಯ ಸೂಪಿನ ಡಬ್ಬಗಳನ್ನೇ ಚಿತ್ರವಾಗಿ ಪ್ರದರ್ಶನಕ್ಕಿಟ್ಟರು. ಕಟ್ಟಡಗಳು ಹಳೆಯ ಕಾಲದ ಅಲಂಕಾರಗಳನ್ನು ಎಲ್ಲೆಂದರಲ್ಲಿಂದ ಆಯ್ದು ಮೈಮೇಲೆ ಹೇರಿಕೊಂಡವು. ಇವುಗಳಲ್ಲಿ ಕೆಲವು ಸೊಗಸಾದವು. ಹಲವು ಬರಿಯ ಚೇಷ್ಟೆ.

ಕಥೆ ಒಂದೇ ಅಲ್ಲ, ಹಲವು ಎಂಬ ಮಾತು ಭಾರತೀಯರ ಕಿವಿಗೆ ಹೊಸದಾಗಿ ಕೇಳುವುದಿಲ್ಲ. ಮೈಸೂರಿನಲ್ಲಿ ಹುಟ್ಟಿ ಷಿಕಾಗೋ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕರಾಗಿದ್ದ ಎ. ಕೆ. ರಾಮಾನುಜನ್ ಅವರ, 1991ರಲ್ಲಿ ಗ್ರಂಥಸ್ಥವಾದ, ರಾಮಾಯಣಗಳನ್ನು ಕುರಿತ ಪ್ರಬಂಧ ಇದಕ್ಕೆ ನಿದರ್ಶನ. ಅವರು ‘ಪಾಠಾಂತರ’ ಎಂಬ ಬಗೆಯ ಮಾತನ್ನು ಬಿಟ್ಟು, ‘ಹೇಳಿಕೆ’ ಎಂಬ ಅರ್ಥದ ಮಾತನ್ನು ಬಳಸುತ್ತಾರೆ. ಪಾಠಾಂತರವೆಂದರೆ ಎಲ್ಲಿಯೋ ಒಂದು ಮೂಲವಿದೆ, ಉಳಿದವು ಅದರ ಬದಲಾವಣೆಗಳು ಎಂದು ಮೊದಲೇ ಒಪ್ಪಿಕೊಂಡಂತಾಗುತ್ತದೆ. ವಾಲ್ಮೀಕಿಯಲ್ಲಿ ಸೀತೆ ನೇಗಿಲ ಸಾಲಿನಲ್ಲಿ ದೊರೆತವಳು. ಸಂಸ್ಕೃತದಲ್ಲಿ ‘ಸೀತಾ’ ಎಂದರೆ ನೇಗಿಲ ಸಾಲು. ರಾಮಾನುಜನ್ ಎತ್ತಿಕೊಟ್ಟ ಕನ್ನಡದ ಜನಪದ ಕಥನದಲ್ಲಾದರೋ ಮಾವಿನ ಹಣ್ಣು ತಿಂದು ಗರ್ಭ ಧರಿಸಿದ ರಾವುಳನು ಸೀನಿದಾಗ ಮಗು ಹುಟ್ಟುತ್ತದೆ; ‘ಸೀತ’ದ್ದರಿಂದ ಅವಳು ಸೀತೆ. ಹೀಗೆ ರಾವಣನೇ ಸೀತೆಗೆ ತಂದೆಯಾಗುತ್ತಾನೆ, ತಾಯಿಯೂ ಆಗುತ್ತಾನೆ. ಇದನ್ನು ಹಾಡಿದವನು ಅಸ್ಪೃಶ್ಯರೆನಿಸಿಕೊಂಡಿದ್ದ ಸಮುದಾಯದ ಗಾಯಕ. ಇನ್ನು ನಮ್ಮ ನಾಗಚಂದ್ರನ ಜೈನ ರಾಮಾಯಣದಲ್ಲಿ ರಾವಣನನ್ನು ಕೊಲ್ಲುವವನು ರಾಮನಲ್ಲ, ಲಕ್ಷ್ಮಣ. ರಾವಣನು ಮರುಕಕ್ಕೆ ಪಾತ್ರನಾದ ಮಹಾಪುರುಷ.

ಇದನ್ನು ಕಂಡು, ಆಧುನಿಕೋತ್ತರವಾದ ನಮ್ಮಲ್ಲಿ ಸಾವಿರ ವರ್ಷದ ಹಿಂದೆಯೇ ಇತ್ತು ಎಂದು ಬೀಗುವವರಿದ್ದಾರೆ. ಹಾಗೆನ್ನುವುದು ಅವಸರದ ಮಾತು. ನಾಗಚಂದ್ರನಿಗೆ ಜಿನಧರ್ಮದಲ್ಲಿ ಸಂದೇಹವಿರಲಿಲ್ಲ. ಜನಪದ ಗಾಯಕನಿಗೆ ತನ್ನ ಶಿವನಲ್ಲಿ ಸಂದೇಹವಿರಲಿಲ್ಲ. ಒಬ್ಬೊಬ್ಬರೂ ತಮ್ಮ ಕಥೆಯನ್ನು ನಂಬಿಯೇ ಹೇಳಿದರು. ಯಾವ ಕಥೆಯನ್ನೂ ನಂಬಲಾರದ ದಣಿವಿನಿಂದ ಹುಟ್ಟಿದ ಪಶ್ಚಿಮದ ಬಹುತ್ವವೇ ಬೇರೆ, ಹಲವು ನಂಬಿಕೆಗಳು ಅಕ್ಕಪಕ್ಕದಲ್ಲಿ ಬಾಳಿದ ನಮ್ಮ ಬಹುತ್ವವೇ ಬೇರೆ.

ಈ ವಿಷಯವನ್ನು ತರಗತಿಯಲ್ಲಿ ಹೇಳುತ್ತಿದ್ದಾಗ, ಹಿಂದಿನ ಸಾಲಿನಿಂದ ಹುಡುಗಿಯೊಬ್ಬಳು ಎದ್ದುನಿಂತು, “ಹಾಗಾದರೆ ಸುಳ್ಳು ಹೇಳುವವನದೂ ಒಂದು ಕಥೆಯೇ ಅಲ್ಲವೇ, ಸಾರ್?” ಎಂದು ಕೇಳಿದ್ದಳು. ಆ ದಿನ ಗಂಟೆ ಹೊಡೆದದ್ದು ನನ್ನ ಪುಣ್ಯ. ದೊಡ್ಡ ದೊಡ್ಡ ಪಂಡಿತರನ್ನು ಕಾಡಿದ ಪ್ರಶ್ನೆಯೂ ಅದೇ.

ಇದು ಬರಿಯ ತರ್ಕದ ಪ್ರಶ್ನೆಯಲ್ಲ. 1970ರ ದಶಕದ ಕೊನೆಯಲ್ಲಿ ಫ್ರಾನ್ಸಿನ ಲಿಯೋನ್ ನಗರದ ಫೋರಿಸ್ಸೋನ್ ಎಂಬ ಸಾಹಿತ್ಯದ ಅಧ್ಯಾಪಕನು, ಯೆಹೂದಿಗಳನ್ನು ವಿಷಾನಿಲದ ಕೋಣೆಗಳಲ್ಲಿ ಕೊಂದರೆಂಬುದೇ ಕಟ್ಟುಕಥೆಯೆಂದು ವಾದಿಸತೊಡಗಿದನು. ಅಂತಹ ಕೋಣೆ ಕೆಲಸ ಮಾಡುತ್ತಿದ್ದುದನ್ನು ಕಣ್ಣಾರೆ ಕಂಡ ಸಾಕ್ಷಿ ಬೇಕೆಂಬುದು ಅವನ ಹಟ. ಒಳಗೆ ಹೋಗಿ ಕಂಡವರು ಯಾರೂ ಬದುಕಿ ಹೊರಗೆ ಬರಲಿಲ್ಲ, ಹೊರಗಿದ್ದವರು ಕಾಣಲಿಲ್ಲ, ಆದುದರಿಂದ ಸಾಕ್ಷಿಯಿಲ್ಲ! ಎಲ್ಲವನ್ನೂ ಶಂಕಿಸುವ ವಿದ್ಯೆ ಕೊಲೆಗಾರರ ಪಕ್ಷಕ್ಕೆ ಹೀಗೆ ಒದಗಿತು. ಇತಿಹಾಸಕಾರ ಪಿಯೆರ್ ವಿಡಾಲ್ ನಾಕೆ ಅವರು, ತಂದೆತಾಯಿಗಳಿಬ್ಬರನ್ನೂ ಆಶ್‌ವಿಟ್ಸ್‌ನಲ್ಲಿ ಕಳೆದುಕೊಂಡಿದ್ದವರು, ದಾಖಲೆಗಳನ್ನು ಮುಂದಿಟ್ಟು 1980ರಲ್ಲಿ ಇವನಿಗೆ ಉತ್ತರ ಬರೆದರು. ಮಹಾಕಥನಗಳಲ್ಲಿ ನಂಬಿಕೆ ಉಳಿದಿಲ್ಲವೆಂದಿದ್ದ ಲಿಯೊತಾರ್ ಅವರೂ ಈ ವಾದವನ್ನು ಅಲಕ್ಷಿಸಲಿಲ್ಲ. 1983ರ ತಮ್ಮ ಗ್ರಂಥವನ್ನು ಅವರು ಇದೇ ಪ್ರಸಂಗದಿಂದ ಆರಂಭಿಸಿದರು. ಅನ್ಯಾಯವಾದವನಿಂದ ಅದನ್ನು ರುಜುವಾತುಪಡಿಸುವ ಸಾಧನವನ್ನೇ ಕಿತ್ತುಕೊಂಡಿದ್ದರೆ, ಅವನ ಮೌನವನ್ನು ಏನೂ ನಡೆಯಲಿಲ್ಲವೆಂಬುದಕ್ಕೆ ಪುರಾವೆಯಾಗಿ ಎಣಿಸಬಾರದು. ಆ ಮೌನಕ್ಕೆ ಮಾತನ್ನು ಹುಡುಕಿಕೊಡುವುದು ಚಿಂತಕನ ಹೊಣೆ ಎಂಬುದು ಅವರ ನಿಲುವು. ಅವರನ್ನು ‘ಸತ್ಯವೇ ಇಲ್ಲವೆಂದವರು’ ಎಂದು ಹಳಿಯುವವರು ಈ ಪುಸ್ತಕವನ್ನು ಓದಿರಲಾರರು.

ಹಳಿಯಲು ಕಾರಣವೇ ಇರಲಿಲ್ಲವೆಂದಲ್ಲ. 1996ರಲ್ಲಿ ನ್ಯೂಯಾರ್ಕಿನ ಭೌತವಿಜ್ಞಾನಿ ಅಲನ್ ಸೋಕಲ್, ಭೌತಜಗತ್ತಿನ ವಾಸ್ತವವೂ ಸಮಾಜದ ಕಲ್ಪನೆಯೇ ಎಂಬಂತೆ ಒಂದು ಅಸಂಬದ್ಧ ಲೇಖನವನ್ನು ಬೇಕೆಂದೇ ಬರೆದು, ಈ ಪಂಥದ ಒಲವಿದ್ದ ಪತ್ರಿಕೆಯೊಂದಕ್ಕೆ ಕಳುಹಿಸಿದರು. ಅದು ಅಚ್ಚಾಯಿತು. ಬಳಿಕ ಗುಟ್ಟನ್ನು ತಾವೇ ಬಯಲುಮಾಡಿದರು. ಗುರುವಿನ ಸಂದೇಹವನ್ನು ಶಿಷ್ಯರು ಮಂತ್ರದಂತೆ ಜಪಿಸತೊಡಗಿದರೆ ಹೀಗಾಗುತ್ತದೆ.

ಈಗ ಸೇಂಟ್ ಲೂಯಿಸಿಗೆ ಮರಳೋಣ. ಆಧುನಿಕತೆಯ ದೊಡ್ಡ ಕಥೆ ಮುಗಿಯಿತೆಂದು ಸಾರಿದ ಜೆಂಕ್ಸ್ ಅವರ ಮಾತೂ ಒಂದು ಕಥೆಯೇ ಅಲ್ಲವೇ? ಅದನ್ನು ಹೇಳಿದವರು ಯಾರು ಎಂದು ಕೇಳಬೇಕಲ್ಲವೇ? 1991ರಲ್ಲಿ ಕ್ಯಾಥರೀನ್ ಬ್ರಿಸ್ಟಲ್ ಎಂಬ ವಿದುಷಿಯು ವಾಸ್ತುಶಿಲ್ಪ ಶಿಕ್ಷಣದ ಪತ್ರಿಕೆಯೊಂದರಲ್ಲಿ ಇದನ್ನೇ ಕೇಳಿದರು. ಮೊದಲನೆಯದಾಗಿ, ಪ್ರೂಯಿಟ್–ಐಗೋ ವಿನ್ಯಾಸಕ್ಕೆ ಶಿಲ್ಪಿಗಳ ಸಂಘದ ಪ್ರಶಸ್ತಿ ಬಂದಿತ್ತೆಂದು ಪುಸ್ತಕದಿಂದ ಪುಸ್ತಕಕ್ಕೆ ದಾಟಿಬಂದಿದ್ದ ಸಂಗತಿ ಸುಳ್ಳು. ಅದಕ್ಕೆ ಯಾವ ಪ್ರಶಸ್ತಿಯೂ ಬಂದಿರಲಿಲ್ಲ. ಯಮಾಸಾಕಿ ಮೊದಲು ಸೂಚಿಸಿದ್ದು ಎತ್ತರದ, ನಡುತರದ, ತಗ್ಗಿನ ಮನೆಗಳು ಬೆರೆತ ಬಡಾವಣೆ. ಖರ್ಚು ಉಳಿಸಲೆಂದು ಎಲ್ಲವನ್ನೂ ಒಂದೇ ಎತ್ತರಕ್ಕೆ ಏರಿಸಿದವರು ಸರ್ಕಾರದವರು. ನೆಲಮಟ್ಟದ ಶೌಚಾಲಯ, ಗಿಡಮರ ಮೊದಲಾದವನ್ನು ಕೈಬಿಟ್ಟದ್ದೂ ಅದೇ ಉಳಿತಾಯಕ್ಕಾಗಿ. ದುರಸ್ತಿಯ ಖರ್ಚು ಬಾಡಿಗೆದಾರರ ಬಾಡಿಗೆಯಿಂದಲೇ ಹುಟ್ಟಬೇಕೆಂಬುದು ನಿಯಮ. ಇತ್ತ ನಗರವೇ ಬರಿದಾಗುತ್ತಿತ್ತು: 1950ರಲ್ಲಿ 8,56,000ಕ್ಕೂ ಹೆಚ್ಚಿದ್ದ ಜನಸಂಖ್ಯೆ 1970ಕ್ಕೆ 6,22,000ಕ್ಕೆ ಇಳಿಯಿತು. ಅನುಕೂಲವಿದ್ದ ಬಿಳಿಯರು ಹೊರವಲಯಗಳಿಗೆ ಹೋದರು, ಉದ್ಯೋಗಗಳೂ ಅವರ ಹಿಂದೆ ಹೋದವು. ಮನೆಗಳು ಖಾಲಿಯಾದವು, ಬಾಡಿಗೆ ತಗ್ಗಿತು, ಬಾಡಿಗೆ ತಗ್ಗಿದ್ದರಿಂದ ದುರಸ್ತಿ ನಿಂತಿತು, ದುರಸ್ತಿ ನಿಂತದ್ದರಿಂದ ಇನ್ನಷ್ಟು ಮನೆಗಳು ಖಾಲಿಯಾದವು. 1969ರಲ್ಲಿ ಬಾಡಿಗೆದಾರರು ಒಂಬತ್ತು ತಿಂಗಳ ಕಾಲ ಬಾಡಿಗೆ ಕೊಡದೆ ಮುಷ್ಕರ ಹೂಡಿದರು. ತಪ್ಪೆಲ್ಲವನ್ನೂ ಶಿಲ್ಪಿಯ ತರ್ಕದ ಮೇಲೆ ಹೊರಿಸಿದ ಕಥೆಯಲ್ಲಿ ಈ ಜನಾಂಗಭೇದವೂ ಇಲ್ಲ, ಈ ದಾರಿದ್ರ್ಯವೂ ಇಲ್ಲ, ಈ ಮುಷ್ಕರವೂ ಇಲ್ಲ.

ಇನ್ನು ಆ ಮರಣದ ಗಳಿಗೆ. ಮೊದಲ ಕಟ್ಟಡ ಬಿದ್ದದ್ದು ಮಾರ್ಚ್ 16ರಂದು. ಕೊನೆಯವು ಹೋದದ್ದು 1976ರ ಹೊತ್ತಿಗೆ. ಜುಲೈ 15 ಆದಿಯೂ ಅಲ್ಲ, ಅಂತ್ಯವೂ ಅಲ್ಲ. ನಿಮಿಷವನ್ನೂ ಬಿಡದೆ ಬರೆದ ಜೆಂಕ್ಸ್, ಪಕ್ಕದಲ್ಲಿಯೇ ಕಂಸದೊಳಗೆ ‘ಸುಮಾರಾಗಿ’ ಎಂಬ ಅರ್ಥದ ಮಾತೊಂದನ್ನು ಸೇರಿಸಿದ್ದರು. ಅದೊಂದು ವಿನೋದ. ರಷ್ದಿಯವರ ನಿರೂಪಕನ ತಪ್ಪು ತಾರೀಖು ಓದುಗನನ್ನು ಎಚ್ಚರಿಸಿತು. ಈ ತಾರೀಖಾದರೋ ಕಂಸವನ್ನು ಕಳೆದುಕೊಂಡು, ನಿಜಸಂಗತಿಯ ವೇಷದಲ್ಲಿ ಎಷ್ಟೋ ಪುಸ್ತಕಗಳನ್ನು ಸುತ್ತಿತು.

ಇಷ್ಟೆಲ್ಲ ಬರೆದವರಲ್ಲಿ ಆ ಮನೆಗಳಲ್ಲಿ ಬಾಳಿದವರನ್ನು ಕೇಳಿದವರು ಕಡಿಮೆ. 2011ರಲ್ಲಿ ಆ ಬಡಾವಣೆಯನ್ನು ಕುರಿತು ಒಂದು ಸಾಕ್ಷ್ಯಚಿತ್ರ ಬಂದಿತು. ಅದರಲ್ಲಿ ಅಲ್ಲಿಯ ಹಳೆಯ ನಿವಾಸಿಗಳು, ಆಗ ಮಕ್ಕಳಾಗಿದ್ದವರು, ಮಾತನಾಡಿದ್ದಾರೆ. ಕತ್ತಲೆಯ ಮೆಟ್ಟಿಲುಗಳ ಭಯವನ್ನು ಅವರು ಮರೆತಿಲ್ಲ. ಮೊದಲ ದಿನಗಳಲ್ಲಿ ಹೊಸ ಮನೆಯೊಳಕ್ಕೆ ಕಾಲಿಟ್ಟಾಗಿನ ಸಂತೋಷವನ್ನೂ ಮರೆತಿಲ್ಲ.